ದೊಡ್ಡ ಗಣೇಶ್: ಬೆಂಗಳೂರಿನ ಬೌಲರ್, ನೈರೋಬಿಯ ತರಬೇತುದಾರ

ಕ್ರಿಕೆಟ್ ಲೋಕ ‘ದೊಡ್ಡ ಗಣೇಶ್’ ಎಂದು ಕರೆಯುವ ದೊಡ್ಡನರಸಯ್ಯ ಗಣೇಶ್ ಅವರು 1973ರ ಜೂನ್ 30ರಂದು ಬೆಂಗಳೂರಿನಲ್ಲಿ ಜನಿಸಿದರು. ಬಲಗೈ ವೇಗದ ಬೌಲರ್ ಆಗಿ ಭಾರತದ ಪರವಾಗಿ 4 ಟೆಸ್ಟ್ ಹಾಗೂ 1 ಏಕದಿನ ಪಂದ್ಯ ಆಡಿದರು. ಪ್ರಥಮ ದರ್ಜೆಯ 104 ಪಂದ್ಯಗಳಲ್ಲಿ 365 ವಿಕೆಟ್ ಪಡೆದರು. ಆಟದಿಂದ ನಿವೃತ್ತರಾದ ಮೇಲೆ ತರಬೇತುದಾರರಾದರು. 2024ರ ಆಗಸ್ಟ್‌ನಲ್ಲಿ ಅವರನ್ನು ಕೀನ್ಯಾ ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರರೆಂದು ನೈರೋಬಿಯಲ್ಲಿ ಘೋಷಿಸಲಾಯಿತು. ಸುಮಾರು ಒಂದು ತಿಂಗಳಲ್ಲಿ ಆ ನೇಮಕ ರದ್ದಾಯಿತು.

ಅವರ ಸಾಮರ್ಥ್ಯವನ್ನು ಅಳೆಯಲು ಈ ಒಂದು ತಿಂಗಳು ಸಾಲದು. ಆದರೆ ಆಟಗಾರನ ಬದುಕಿಗೂ ತರಬೇತುದಾರನ ಬದುಕಿಗೂ ಇರುವ ಮೂಲಭೂತ ವ್ಯತ್ಯಾಸವನ್ನು ಅರಿಯಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಬೌಲರ್ ಉರುಳಿಸಿದ ವಿಕೆಟ್ ಅವನ ಹೆಸರಿನಲ್ಲೇ ದಾಖಲಾಗುತ್ತದೆ, ಅದನ್ನು ಯಾವ ಮಂಡಳಿಯೂ ಹಿಂತೆಗೆದುಕೊಳ್ಳಲಾರದು. ತರಬೇತುದಾರನಿಗೆ ಅಂಥ ಸ್ವಂತ ಖಾತೆಯಿಲ್ಲ. ಅವನನ್ನು ಕರೆತಂದ ಸಂಸ್ಥೆ ಗಟ್ಟಿಯಾಗಿದ್ದರೆ ಮಾತ್ರ ಅವನ ವಿದ್ಯೆ ಫಲ ಕೊಡುತ್ತದೆ.

ಕರ್ನಾಟಕದ ಬೌಲಿಂಗ್ ಪಡೆಯಲ್ಲಿ

ಗಣೇಶ್ ಬೆಳೆದ ಕಾಲ ಕರ್ನಾಟಕ ಕ್ರಿಕೆಟ್ಟಿನ ಸುಗ್ಗಿಯ ಕಾಲ. ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಅನಿಲ್ ಕುಂಬ್ಳೆ, ಸುನಿಲ್ ಜೋಶಿ, ರಾಹುಲ್ ದ್ರಾವಿಡ್ ಎಲ್ಲರೂ ರಾಷ್ಟ್ರೀಯ ತಂಡದಲ್ಲಿದ್ದರು. ಮೈಸೂರಿನಿಂದ ಶ್ರೀನಾಥ್, ಗದಗದಿಂದ ಜೋಶಿ ಹೀಗೆ ಬೇರೆ ಬೇರೆ ಊರುಗಳಿಂದ ಬಂದ ಆಟಗಾರರು ಒಂದೇ ವ್ಯವಸ್ಥೆಯಲ್ಲಿ ಪಳಗಿದರು. 1996ರಲ್ಲಿ ಮತ್ತೊಬ್ಬ ಕನ್ನಡಿಗ ವೇಗಿ ಡೇವಿಡ್ ಜಾನ್ಸನ್ ಕೂಡ 2 ಟೆಸ್ಟ್ ಆಡಿದರು. ಜಾನ್ಸನ್ ಬಿಟ್ಟ ಸ್ಥಾನ ದಕ್ಕಿದ್ದು ಗಣೇಶ್ ಅವರಿಗೆ.

1997ರ ಜನವರಿಯಲ್ಲಿ ಕೇಪ್‌ಟೌನಿನ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರು ಟೆಸ್ಟ್‌ಗೆ ಪದಾರ್ಪಣೆ ಮಾಡಿದರು. ಆ ಪಂದ್ಯದ ಹನ್ನೊಂದು ಮಂದಿಯಲ್ಲಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್ ಮತ್ತು ಗಣೇಶ್ ಹೀಗೆ ಐವರು ಕರ್ನಾಟಕದವರು. ತೆಂಡೂಲ್ಕರ್ 169, ಅಜರುದ್ದೀನ್ 115 ಓಟ ಗಳಿಸಿ ಆರನೆಯ ವಿಕೆಟ್ಟಿಗೆ 222 ಸೇರಿಸಿದ್ದು ಈ ಪಂದ್ಯದಲ್ಲೇ. ಆದರೂ ಭಾರತ 282 ಓಟಗಳಿಂದ ಸೋತಿತು. ಫೆಬ್ರವರಿಯಲ್ಲಿ ಜಿಂಬಾಬ್ವೆಯ ಬುಲವಾಯೊದಲ್ಲಿ ಗಣೇಶ್ ತಮ್ಮ ಏಕೈಕ ಏಕದಿನ ಪಂದ್ಯ ಆಡಿದರು. ಅನಂತರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಹೋದರು. ಅಲ್ಲಿಗೆ ಅವರ ಅಂತರರಾಷ್ಟ್ರೀಯ ಅಧ್ಯಾಯ ಮುಗಿಯಿತು. 4 ಟೆಸ್ಟ್‌ಗಳಿಂದ ದೊರೆತದ್ದು 5 ವಿಕೆಟ್. ಆಗ ಅವರಿಗೆ ಇಪ್ಪತ್ತನಾಲ್ಕು ತುಂಬಿರಲಿಲ್ಲ.

ಭಾರತ ತಂಡದಿಂದ ಹೊರಬಿದ್ದು ಮಂಕಾದ ಆಟಗಾರರು ಅನೇಕರಿದ್ದಾರೆ. ಗಣೇಶ್ ಮಾತ್ರ ರಾಜ್ಯ ತಂಡಕ್ಕೆ ಮರಳಿ ತಮ್ಮ ಅತ್ಯುತ್ತಮ ಆಟ ಆಡಿದರು. ಕರ್ನಾಟಕ ರಣಜಿ ಟ್ರೋಫಿ ಗೆದ್ದ 1998–99ರ ಋತುವಿನಲ್ಲಿ ಅವರು 62 ವಿಕೆಟ್ ಪಡೆದರು. ರಣಜಿಯ ಒಂದೇ ಋತುವಿನಲ್ಲಿ ವೇಗದ ಬೌಲರ್ ಒಬ್ಬ ಪಡೆದ ಅತಿ ಹೆಚ್ಚು ವಿಕೆಟ್‌ಗಳ ದಾಖಲೆಯಾಗಿ ಇದು ಎರಡು ದಶಕ ಉಳಿಯಿತು. 2019–20ರಲ್ಲಿ ಸೌರಾಷ್ಟ್ರದ ಜೈದೇವ್ ಉನದ್ಕತ್ 67 ವಿಕೆಟ್ ಪಡೆದು ಅದನ್ನು ಮೀರಿದರು.

ವೈದ್ಯನ ಕಣ್ಣಿಗೆ ಈ ಅಂಕಿಗಳ ಹಿಂದೆ ಬೇರೊಂದು ಲೆಕ್ಕ ಕಾಣುತ್ತದೆ. ವೇಗದ ಬೌಲರ್ ಚೆಂಡೆಸೆಯುವಾಗ ಮುಂಗಾಲು ನೆಲಕ್ಕೆ ತಾಗುವ ಕ್ಷಣದಲ್ಲಿ ದೇಹತೂಕದ ಐದಾರು ಪಟ್ಟು ಬಲ ಅದರ ಮೇಲೆ ಬೀಳುತ್ತದೆ. ಅದೇ ಕ್ಷಣ ಸೊಂಟ ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಗುತ್ತದೆ. ಎಳೆಯ ಬೌಲರ್‌ಗಳ ಕೆಳಬೆನ್ನಿನ ಕಶೇರುಗಳಲ್ಲಿ ಸಣ್ಣ ಬಿರುಕು ಮೂಡುವುದು ಈ ಹೊರೆಯಿಂದಲೇ. ಬಿಸಿಲಿನಲ್ಲಿ, ಜೀವವಿಲ್ಲದ ಅಂಕಣಗಳ ಮೇಲೆ 104 ಪ್ರಥಮ ದರ್ಜೆ ಪಂದ್ಯಗಳನ್ನು ಆಡಿದವನಿಗೆ ಯಾವಾಗ ಬಿರುಸಾಗಿ ಎಸೆಯಬೇಕು, ಯಾವಾಗ ಮೈ ಕಾಯ್ದುಕೊಳ್ಳಬೇಕು ಎಂಬುದು ಮೂಳೆಗಿಳಿದ ಅರಿವಾಗಿರುತ್ತದೆ. ನಿವೃತ್ತಿಯ ಬಳಿಕ ಗಣೇಶ್ ಗೋವಾ ತಂಡದ ತರಬೇತುದಾರರಾದಾಗ ಜೊತೆಗೆ ಒಯ್ದದ್ದು ಈ ಬಂಡವಾಳವನ್ನು.

ನೈರೋಬಿಯಲ್ಲಿ ಕನ್ನಡಿಗರ ಹೆಜ್ಜೆಗಳು

ಗಣೇಶ್ ಅವರ ನೇಮಕಕ್ಕೆ ಬಹು ಮೊದಲೇ ನೈರೋಬಿ ಕರ್ನಾಟಕದ ಕ್ರಿಕೆಟ್ಟಿಗೆ ಪರಿಚಿತ ಊರು. 1999ರ ಸೆಪ್ಟೆಂಬರ್ 26ರಂದು ನೈರೋಬಿ ಜಿಮ್‌ಖಾನಾ ಮೈದಾನದಲ್ಲಿ ಸುನಿಲ್ ಜೋಶಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರ್ ಎಸೆದರು. ಅವುಗಳಲ್ಲಿ 6 ಓವರ್‌ಗಳಲ್ಲಿ ಓಟವೇ ಬರಲಿಲ್ಲ. ಕೇವಲ 6 ಓಟ ಕೊಟ್ಟು ಅವರು 5 ವಿಕೆಟ್ ಪಡೆದರು. ಎಡಗೈ ಸ್ಪಿನ್ ಬೌಲಿಂಗಿನ ಮಿತವ್ಯಯಕ್ಕೆ ಏಕದಿನ ಕ್ರಿಕೆಟ್ಟಿನಲ್ಲಿ ಇದಕ್ಕೆ ಸಾಟಿಯಾದ ಉದಾಹರಣೆಗಳು ತೀರ ವಿರಳ. ಅದೇ ಪಂದ್ಯದಲ್ಲಿ ಪದಾರ್ಪಣೆ ಮಾಡಿದ ವಿಜಯ್ ಭಾರದ್ವಾಜ್ ಸರಣಿಯ ಶ್ರೇಷ್ಠ ಆಟಗಾರರೆನಿಸಿದರು. ಮರುವರ್ಷ ಇದೇ ಮೈದಾನದಲ್ಲಿ ನಡೆದ ಐಸಿಸಿ ನಾಕೌಟ್ ಟೂರ್ನಿಯ ಫೈನಲ್‌ನಲ್ಲಿ ಭಾರತ ನ್ಯೂಜಿಲೆಂಡ್‌ಗೆ ಸೋತಾಗ ದ್ರಾವಿಡ್, ಕುಂಬ್ಳೆ, ಪ್ರಸಾದ್ ಮೂವರೂ ಆಡಿದ್ದರು.

ಈ ಊರಿನ ಗಾಳಿಯದೇ ಒಂದು ಗುಣವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ನೈರೋಬಿ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಹೊಡೆದ ಚೆಂಡು ಹೆಚ್ಚು ದೂರ ಹಾರುತ್ತದೆ, ಎಸೆದ ಚೆಂಡು ಕಡಿಮೆ ಹೊರಳುತ್ತದೆ. ಶಾಹಿದ್ ಅಫ್ರಿದಿ 1996ರ ಅಕ್ಟೋಬರ್ 4ರಂದು 37 ಚೆಂಡುಗಳಲ್ಲಿ ಶತಕ ಬಾರಿಸಿದ್ದು ಜಿಮ್‌ಖಾನಾದಲ್ಲಿ. 2024ರ ಅಕ್ಟೋಬರ್ 23ರಂದು ಜಿಂಬಾಬ್ವೆ ತಂಡ ಗ್ಯಾಂಬಿಯದ ವಿರುದ್ಧ 4 ವಿಕೆಟ್ಟಿಗೆ 344 ಓಟ ಪೇರಿಸಿ ಅಂತರರಾಷ್ಟ್ರೀಯ ಟಿ20ಯ ದಾಖಲೆ ಬರೆದದ್ದು ಇದೇ ನಗರದ ರುವಾರಾಕಾ ಮೈದಾನದಲ್ಲಿ. ಇವಕ್ಕೆ ಎತ್ತರವೊಂದೇ ಕಾರಣವಲ್ಲ, ದಾಂಡಿಗರ ಬಲ ಮತ್ತು ಎದುರಾಳಿಯ ದೌರ್ಬಲ್ಯಗಳೂ ಸೇರಿವೆ. ಆದರೂ ಇಲ್ಲಿ ಬೌಲಿಂಗ್ ಕಲಿಸುವವನಿಗೆ ಕೆಲಸ ಹೆಚ್ಚು. ಗಾಳಿ ನೆರವಿಗೆ ಬಾರದಿದ್ದಾಗ ಗುರಿ, ಅಳತೆ ಮತ್ತು ತಾಳ್ಮೆಗಳನ್ನೇ ನೆಚ್ಚಬೇಕಾಗುತ್ತದೆ. ಗಣೇಶ್ ತಮ್ಮ 365 ವಿಕೆಟ್‌ಗಳನ್ನು ದುಡಿದು ಗಳಿಸಿದ್ದೂ ಬಹುಮಟ್ಟಿಗೆ ಈ ಗುಣಗಳಿಂದಲೇ.

ಕೀನ್ಯಾದ ಏರಿಳಿತ

ಅವರನ್ನು ಕರೆದ ತಂಡದ ಚರಿತ್ರೆ ಹಗುರವಾದುದಲ್ಲ. 1996ರ ಫೆಬ್ರವರಿ 29ರಂದು ಪುಣೆಯಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಕೀನ್ಯಾ 166 ಓಟಗಳಿಗೆ ಆಲೌಟಾಗಿಯೂ ವೆಸ್ಟ್ ಇಂಡೀಸನ್ನು 93ಕ್ಕೆ ಉರುಳಿಸಿತು. ಆಗ ತಂಡದ ಮಾರ್ಗದರ್ಶಕರು ಭಾರತದ ಮಾಜಿ ಟೆಸ್ಟ್ ದಾಂಡಿಗ ಹನುಮಂತ್ ಸಿಂಗ್. 1998ರಲ್ಲಿ ಗ್ವಾಲಿಯರಿನಲ್ಲಿ, 2001ರಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ಕೀನ್ಯಾ ಭಾರತವನ್ನೂ ಮಣಿಸಿತು.

2003ರ ವಿಶ್ವಕಪ್ ಈ ಕಥೆಯ ಶಿಖರ. ಸ್ಟೀವ್ ಟಿಕೊಲೊ ನಾಯಕರಾಗಿದ್ದರು. 1983ರ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದ ಸಂದೀಪ್ ಪಾಟೀಲ್ ತರಬೇತುದಾರರಾಗಿದ್ದರು. ಫೆಬ್ರವರಿ 24ರಂದು ಜಿಮ್‌ಖಾನಾದಲ್ಲಿ ಕಾಲಿನ್ಸ್ ಒಬುಯಾ 24 ಓಟಗಳಿಗೆ 5 ವಿಕೆಟ್ ಪಡೆದು ಶ್ರೀಲಂಕೆಯನ್ನು ಸೋಲಿಸಲು ಕಾರಣರಾದರು. ಭದ್ರತೆಯ ಕಾರಣ ನೀಡಿ ನ್ಯೂಜಿಲೆಂಡ್ ನೈರೋಬಿಗೆ ಬರಲಿಲ್ಲ, ಆ ಪಂದ್ಯದ ಅಂಕಗಳೂ ಕೀನ್ಯಾಕ್ಕೆ ಸಂದವು. ಬಾಂಗ್ಲಾದೇಶ, ಜಿಂಬಾಬ್ವೆಗಳನ್ನು ಗೆದ್ದು ತಂಡ ಸೆಮಿಫೈನಲ್ ತಲುಪಿತು. ಟೆಸ್ಟ್ ಮಾನ್ಯತೆಯಿಲ್ಲದ ಬೇರಾವ ದೇಶವೂ ಏಕದಿನ ವಿಶ್ವಕಪ್ಪಿನಲ್ಲಿ ಆ ಹಂತ ಮುಟ್ಟಿಲ್ಲ. ಮಾರ್ಚ್ 20ರಂದು ಡರ್ಬನ್ನಿನಲ್ಲಿ ಭಾರತ ಅವರನ್ನು 91 ಓಟಗಳಿಂದ ತಡೆಯಿತು.

ಶಿಖರದಿಂದ ಇಳಿಯುವುದು ಬೇಗ ಆಯಿತು. ಆಡಳಿತದಲ್ಲಿ ಕಲಹ, ಆಟಗಾರರಿಗೂ ಆಡಳಿತಕ್ಕೂ ಸಂಭಾವನೆಯ ಜಗಳ, ದೊಡ್ಡ ತಂಡಗಳ ವಿರುದ್ಧ ಆಡುವ ಅವಕಾಶದ ಕೊರತೆ ಎಲ್ಲವೂ ಒಟ್ಟಿಗೆ ಬಂದವು. ಪ್ರಮುಖ ಆಟಗಾರ ಮಾರಿಸ್ ಒಡುಂಬೆ ಬುಕ್ಕಿಗಳ ಸಂಪರ್ಕದ ಕಾರಣದಿಂದ 2004ರಲ್ಲಿ 5 ವರ್ಷ ನಿಷೇಧಕ್ಕೆ ಒಳಗಾದರು. 2005ರಲ್ಲಿ ಹಳೆಯ ಸಂಘದ ಜಾಗಕ್ಕೆ ‘ಕ್ರಿಕೆಟ್ ಕೀನ್ಯಾ’ ಎಂಬ ಹೊಸ ಸಂಸ್ಥೆ ಬಂದಿತು. 2011ರ ಬಳಿಕ ತಂಡ ಏಕದಿನ ವಿಶ್ವಕಪ್ ಆಡಿಲ್ಲ. 2014ರಲ್ಲಿ ಏಕದಿನ ಮಾನ್ಯತೆಯನ್ನೂ ಕಳೆದುಕೊಂಡಿತು.

ಒಂದು ತಿಂಗಳ ಹುದ್ದೆ

2024ರ ಆಗಸ್ಟ್ ಮಧ್ಯಭಾಗದಲ್ಲಿ ನೈರೋಬಿಯ ಸಿಖ್ ಯೂನಿಯನ್ ಕ್ಲಬ್ಬಿನಲ್ಲಿ ಗಣೇಶ್ ಅವರನ್ನು ಮುಖ್ಯ ತರಬೇತುದಾರರೆಂದು ಪರಿಚಯಿಸಲಾಯಿತು. ಕೀನ್ಯಾದ ಮಾಜಿ ಆಟಗಾರ ಲಮೆಕ್ ಒನ್ಯಾಂಗೊ ಅವರ ಸ್ಥಾನಕ್ಕೆ ಅವರು ಬಂದಿದ್ದರು. ಎದುರಿಗಿದ್ದ ಕೆಲಸ ಸ್ಪಷ್ಟವಾಗಿತ್ತು. ಪಪುವಾ ನ್ಯೂಗಿನಿ, ಡೆನ್ಮಾರ್ಕ್, ಜರ್ಸಿ, ಕುವೈತ್, ಕತಾರ್ ತಂಡಗಳೊಡನೆ ಚಾಲೆಂಜ್ ಲೀಗ್ ಪಂದ್ಯಗಳು, ಅದರ ಹಿಂದೆಯೇ ಟಿ20 ವಿಶ್ವಕಪ್ಪಿನ ಆಫ್ರಿಕ ಅರ್ಹತಾ ಸುತ್ತು.

ಆದರೆ ಚಾಲೆಂಜ್ ಲೀಗ್ ಆರಂಭವಾಗುವ ಮೊದಲೇ, ಸೆಪ್ಟೆಂಬರ್‌ನಲ್ಲಿ, ಸಂಸ್ಥೆಯ ಕಾರ್ಯಕಾರಿ ಮಂಡಳಿ ಆ ನೇಮಕವನ್ನು ಅನುಮೋದಿಸಲು ನಿರಾಕರಿಸಿತು. ನೇಮಕದ ಪ್ರಕ್ರಿಯೆ ಸಂಸ್ಥೆಯ ಸಂವಿಧಾನಕ್ಕೆ ಅನುಗುಣವಾಗಿರಲಿಲ್ಲ ಎಂಬುದು ಮಂಡಳಿ ಕೊಟ್ಟ ಕಾರಣ. ಹೊಣೆ ಮತ್ತೆ ಒನ್ಯಾಂಗೊ ಅವರಿಗೆ ಹಂಗಾಮಿಯಾಗಿ ಹೋಯಿತು. ಇಲ್ಲಿ ಗಮನಿಸಬೇಕಾದ ಅಂಶ ಒಂದೇ. ಗಣೇಶ್ ಅವರ ತರಬೇತಿಯಲ್ಲಿ ಲೋಪವಿದೆಯೆಂದು ಯಾರೂ ಹೇಳಲಿಲ್ಲ. ಲೋಪ ಕಂಡುಬಂದದ್ದು ಅವರನ್ನು ಕರೆದ ವಿಧಾನದಲ್ಲಿ. ಆ ವಿಧಾನ ಕರೆದವರದೇ ಹೊರತು ಬಂದವರದಲ್ಲ.

ಅಕ್ಟೋಬರ್‌ನಲ್ಲಿ ತಮ್ಮದೇ ನೆಲದಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಕೀನ್ಯಾ ಜಿಂಬಾಬ್ವೆಯ ಜೊತೆ ಮುಂದಿನ ಹಂತಕ್ಕೆ ಏರಿತು. ಮರುವರ್ಷ ಹರಾರೆಯ ಸೆಮಿಫೈನಲ್‌ನಲ್ಲಿ ಅದೇ ಜಿಂಬಾಬ್ವೆಗೆ ಸೋತು ವಿಶ್ವಕಪ್ಪಿನ ಅವಕಾಶ ಕಳೆದುಕೊಂಡಿತು. ಪ್ರತಿಭೆ ಆ ನಾಡಿನಲ್ಲಿ ಬತ್ತಿಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಗುರುವಿಗೆ ಬೇಕಾದ ಕಾಲ

ಈ ಪ್ರಸಂಗದ ಪಕ್ಕದಲ್ಲಿ ಬೆಂಗಳೂರಿನ ಇನ್ನೊಂದು ಪ್ರಸಂಗವನ್ನಿಟ್ಟು ನೋಡಬಹುದು. ಗಣೇಶ್ 62 ವಿಕೆಟ್ ಪಡೆದ 1998–99ರ ಋತುವಿನ ಫೈನಲ್ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಿತು. ಕರ್ನಾಟಕಕ್ಕೆ ಅಲ್ಲಿ ಸೋತದ್ದು ಮಧ್ಯಪ್ರದೇಶ, ಅದರ ನಾಯಕ ಚಂದ್ರಕಾಂತ ಪಂಡಿತ್. ಕೊನೆಯ ಅವಧಿಯಲ್ಲಿ ವಿಜಯ್ ಭಾರದ್ವಾಜ್ ಅವರ ಬೌಲಿಂಗಿಗೆ ತಂಡ ಕುಸಿದು ಟ್ರೋಫಿ ಕೈಜಾರಿತ್ತು. ಇಪ್ಪತ್ತಮೂರು ವರ್ಷಗಳ ನಂತರ, 2022ರಲ್ಲಿ, ಪಂಡಿತ್ ಅದೇ ತಂಡದ ತರಬೇತುದಾರರಾಗಿ ಅದೇ ಕ್ರೀಡಾಂಗಣದಲ್ಲಿ ಮುಂಬಯಿಯನ್ನು ಮಣಿಸಿ ಮಧ್ಯಪ್ರದೇಶಕ್ಕೆ ಮೊದಲ ರಣಜಿ ಟ್ರೋಫಿ ತಂದುಕೊಟ್ಟರು. ಪಂಡಿತ್ ಅವರ ನಿಷ್ಠುರ ಶಿಸ್ತು ಎಲ್ಲರಿಗೂ ಗೊತ್ತು. ಆ ಶಿಸ್ತು ಫಲಿಸುವಷ್ಟು ಕಾಲವೂ ಅಧಿಕಾರವೂ ಅವರಿಗೆ ಸಿಕ್ಕಿತ್ತು.

ರೋಗಿ ಒಬ್ಬನೇ, ಅವನ ಹಾಸಿಗೆಯ ಪಕ್ಕದಲ್ಲಿ ನಿಂತು ಜಗಳವಾಡುವ ಬಂಧುಗಳು ಹಲವರು ಎಂಬ ಸ್ಥಿತಿಯನ್ನು ವೈದ್ಯರೆಲ್ಲ ಬಲ್ಲರು. ಅಲ್ಲಿ ಔಷಧಿಯ ಗುಣ ಪರೀಕ್ಷೆಗೇ ಒಳಪಡುವುದಿಲ್ಲ, ಏಕೆಂದರೆ ಔಷಧಿ ರೋಗಿಯ ಬಾಯಿಗೇ ತಲುಪಿರುವುದಿಲ್ಲ. ಹೊರದೇಶಗಳಲ್ಲಿ ಕನ್ನಡ ಸಂಘ, ಶಾಲೆ, ಕ್ರೀಡಾಕೂಟಗಳನ್ನು ನಡೆಸುವ ನಮಗೂ ಈ ಪಾಠ ಅನ್ವಯಿಸುತ್ತದೆ. ಊರಿನಿಂದ ವಿದ್ವಾಂಸರನ್ನೋ ಗುರುಗಳನ್ನೋ ಕರೆಸುವ ಉತ್ಸಾಹ ನಮ್ಮಲ್ಲಿ ಬೇಕಾದಷ್ಟಿದೆ. ಅವರು ವಿಮಾನ ಹತ್ತುವ ಮೊದಲೇ ನಮ್ಮ ನಮ್ಮಲ್ಲಿ ಒಪ್ಪಂದ ಆಗಿರಬೇಕು.

ಗಣೇಶ್ ಅವರ ಆಟದ ಖಾತೆ ಮುಗಿದು ಹೋಗಿದೆ, ಅದರಲ್ಲಿನ ಅಂಕಿಗಳು ಭದ್ರವಾಗಿವೆ. ತರಬೇತುದಾರರಾಗಿ ಅವರು ನೈರೋಬಿಯಲ್ಲಿ ಏನು ಮಾಡಬಲ್ಲವರಾಗಿದ್ದರು ಎಂಬ ಪುಟ ಮಾತ್ರ ಖಾಲಿ ಉಳಿದಿದೆ. ಅದು ಅವರೊಬ್ಬರ ನಷ್ಟವಲ್ಲ, ಗಾಳಿ ನೆರವಾಗದ ಊರಿನಲ್ಲಿ ಚೆಂಡೆಸೆಯುವುದನ್ನು ಕಲಿಯಬೇಕಾಗಿದ್ದ ಎಳೆಯ ಬೌಲರ್‌ಗಳ ನಷ್ಟವೂ ಹೌದು.