ಯೂರೋಪಿನಿಂದ ಸೆನೆಗಲ್‌ಗೆ ಹೋಗುವವರಿಗೆ: ವೀಸಾ ಬೇಡ, ಹಳದಿ ಕಾರ್ಡ್ ಮಾತ್ರ ಮರೆಯಬೇಡಿ

ನಮ್ಮ ಕಡೆಯ ಹುಡುಗರು ಈಗ ಗಲ್ಫ್‌ನಲ್ಲಿ ಮಾತ್ರ ಇಲ್ಲ. ಐರ್ಲೆಂಡ್, ಇಂಗ್ಲೆಂಡ್, ಜರ್ಮನಿ ಅಂತ ಹೋಗಿ ಕೆಲವರು ಅಲ್ಲಿನ ಪಾಸ್‌ಪೋರ್ಟನ್ನೂ ಮಾಡಿಸಿಕೊಂಡಿದ್ದಾರೆ. ಇನ್ನು ಕೆಲವರು ಗೇರುಬೀಜ, ಮರ, ಮೀನಿನ ವ್ಯಾಪಾರಕ್ಕೆ ಪಶ್ಚಿಮ ಆಫ್ರಿಕಾದ ಕಡೆ ನೋಡುತ್ತಿದ್ದಾರೆ. ಹಾಗಾಗಿ ಯೂರೋಪಿನ ಪಾಸ್‌ಪೋರ್ಟ್ ಹಿಡಿದು ಸೆನೆಗಲ್‌ಗೆ ಹೋಗಲು ಏನೇನು ಬೇಕು ಎಂಬುದನ್ನು ಒಂದೇ ಕಡೆ ಬರೆದಿಡುವುದು ಒಳ್ಳೆಯದು ಅಂತ ಕಂಡಿತು.

ಮೊದಲು ನೇರ ಉತ್ತರ. ಯೂರೋಪಿಯನ್ ಯೂನಿಯನ್ ದೇಶಗಳ ಪ್ರಜೆಗಳಿಗೂ ಬ್ರಿಟಿಷ್ ಪ್ರಜೆಗಳಿಗೂ 90 ದಿನದೊಳಗಿನ ಭೇಟಿಗೆ ಸೆನೆಗಲ್ ವೀಸಾ ಕೇಳುವುದಿಲ್ಲ. ಪಾಸ್‌ಪೋರ್ಟ್ ಬೇಕು, ಯೂರೋಪಿನೊಳಗೆ ನಡೆಯುವ ಗುರುತಿನ ಚೀಟಿ ಸಾಲದು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಬಾಕಿ ಇರಲಿ. ಹೋಗಿ ಬರುವ ಎರಡೂ ಟಿಕೆಟ್, ಉಳಿಯುವ ಜಾಗದ ವಿಳಾಸ ಕೈಯಲ್ಲಿರಲಿ. ಕೌಂಟರಿನಲ್ಲಿ ಕೇಳಿದಾಗ ಮೊಬೈಲ್‌ನಲ್ಲಿ ಹುಡುಕುತ್ತಾ ನಿಲ್ಲುವುದಕ್ಕಿಂತ ಪ್ರಿಂಟ್ ತೆಗೆದಿಟ್ಟರೆ ಅರ್ಧ ತಲೆನೋವು ಕಡಿಮೆ. ವಿಮಾನ ಇಳಿಯುವುದು ಡಾಕರ್ ನಗರದೊಳಗಲ್ಲ, ಅಲ್ಲಿಂದ ಸುಮಾರು 45 ಕಿಲೋಮೀಟರ್ ದೂರದ ಬ್ಲೇಸ್ ಡಿಯಾನ್ ವಿಮಾನ ನಿಲ್ದಾಣದಲ್ಲಿ. ಅದು 2017ರ ಡಿಸೆಂಬರ್‌ನಲ್ಲಿ ಶುರುವಾಯಿತು. ಹಳೆಯ ಪುಸ್ತಕ ನೋಡಿ ನಗರದೊಳಗೇ ಇಳಿಯುತ್ತೇವೆ ಅಂದುಕೊಂಡರೆ ಟ್ಯಾಕ್ಸಿ ಲೆಕ್ಕ ತಪ್ಪುತ್ತದೆ.

ಇಲ್ಲಿ ನಮ್ಮವರು ಎಡವುವ ಒಂದು ವಿಷಯ ಇದೆ. ನಿಯಮ ನೋಡುವುದು ಪಾಸ್‌ಪೋರ್ಟನ್ನು, ವಾಸದ ಪರ್ಮಿಟನ್ನಲ್ಲ. ಡಬ್ಲಿನ್‌ನಲ್ಲಿ ಹತ್ತು ವರ್ಷದಿಂದ ಇದ್ದೇನೆ, ಅಲ್ಲಿನ ಕಾರ್ಡ್ ಇದೆ, ತೆರಿಗೆ ಕಟ್ಟುತ್ತೇನೆ ಎಂದರೂ ಪಾಸ್‌ಪೋರ್ಟ್ ಭಾರತದ್ದಾದರೆ ನಿಮಗೆ ಭಾರತೀಯರ ನಿಯಮವೇ. ಒಂದೇ ಮನೆಯಲ್ಲಿ ಗಂಡನದ್ದು ಐರಿಷ್ ಪಾಸ್‌ಪೋರ್ಟ್, ಹೆಂಡತಿಯದ್ದು ಭಾರತದ್ದು ಅಂತ ಇರುವ ಕುಟುಂಬಗಳಿವೆ. ಅಂಥವರು ಟಿಕೆಟ್ ಮಾಡುವ ಮೊದಲು ಇಬ್ಬರಿಗೂ ಬೇರೆ ಬೇರೆಯಾಗಿಯೇ ಸೆನೆಗಲ್ ರಾಯಭಾರ ಕಚೇರಿಯಲ್ಲಿ ಕೇಳಬೇಕು. ಈ ಲೇಖನದಲ್ಲಿ ಬರೆದದ್ದು ಗಂಡನಿಗೆ ಮಾತ್ರ ಅನ್ವಯ.

ಮಕ್ಕಳಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ಫ್ರಾನ್ಸ್‌ನಲ್ಲಿ ವಾಸಿಸುವ ಮಗು ತಂದೆ ಅಥವಾ ತಾಯಿ ಜೊತೆಗಿಲ್ಲದೆ ದೇಶ ಬಿಡುವುದಾದರೆ ಪೋಷಕರು ಸಹಿ ಹಾಕಿದ ಅನುಮತಿ ಪತ್ರ ಕೇಳುತ್ತಾರೆ. 2017ರ ಜನವರಿಯಿಂದ ಇದು ಮತ್ತೆ ಜಾರಿಯಲ್ಲಿದೆ. ಇದು ಸೆನೆಗಲ್‌ನ ನಿಯಮವಲ್ಲ, ಫ್ರಾನ್ಸ್‌ನದ್ದು. ಆದರೆ ವಿಮಾನ ತಪ್ಪಿಸಲು ಯಾವುದಾದರೂ ಒಂದು ಸಾಕಲ್ಲ.

90 ದಿನ ಅಂದರೆ ಮೂರು ತಿಂಗಳು ಅಲ್ಲ. ಡಿಸೆಂಬರ್ 1ಕ್ಕೆ ಇಳಿದವನು ಮೂರು ತಿಂಗಳು ಅಂತ ಲೆಕ್ಕ ಹಾಕಿ ಮಾರ್ಚ್ 1ಕ್ಕೆ ವಾಪಸ್ ಟಿಕೆಟ್ ಮಾಡುತ್ತಾನೆ. ಡಿಸೆಂಬರ್ 31, ಜನವರಿ 31, ಫೆಬ್ರವರಿ 28, ಒಟ್ಟು 90 ಅಲ್ಲಿಗೇ ಮುಗಿಯಿತು. ಮಾರ್ಚ್ 1 ಎಂದರೆ 91ನೇ ದಿನ. ಇಳಿದ ದಿನವನ್ನೂ ಸೇರಿಸಿ ಎಣಿಸಿ, ಒಂದೆರಡು ದಿನ ಮೊದಲೇ ಹೊರಡಿ. ಮುದ್ರೆ ಹಾಕಿದ ಕೂಡಲೇ ಕೌಂಟರ್ ಬಿಡುವ ಮೊದಲು ತಾರೀಕು ಸರಿ ಬಿದ್ದಿದೆಯಾ ನೋಡಿ. ಅದಕ್ಕಿಂತ ಹೆಚ್ಚು ಕಾಲ ಇರುವುದಾದರೆ, ಕೆಲಸಕ್ಕೆ ಅಥವಾ ಕಲಿಯಲಿಕ್ಕೆ ಹೋಗುವುದಾದರೆ, ಡಾಕರ್‌ನಲ್ಲಿ ವಿದೇಶಿಯರ ಪೊಲೀಸ್ ಕಚೇರಿಯಿಂದ ವಾಸದ ಕಾರ್ಡ್ ಮಾಡಿಸಿಕೊಳ್ಳಬೇಕು. ಕಾಗದಪತ್ರ ಎಲ್ಲವೂ ಫ್ರೆಂಚ್‌ನಲ್ಲಿ.

ಇನ್ನು ಹಳದಿ ಜ್ವರ. ಇದು ನಮ್ಮಲ್ಲಿ ಹೇಳುವ ಕಾಮಾಲೆ ಅಲ್ಲ, ಸೊಳ್ಳೆಯಿಂದ ಹರಡುವ ಬೇರೆಯೇ ರೋಗ. ಒಂದು ಡೋಸ್ ಲಸಿಕೆ, ಅದಕ್ಕೊಂದು ಹಳದಿ ಬಣ್ಣದ ಅಂತರರಾಷ್ಟ್ರೀಯ ಪ್ರಮಾಣಪತ್ರ. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲೆ ಅದು ಊರ್ಜಿತ. ಹಿಂದೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಿತ್ತು, 2016ರ ಜುಲೈಯಿಂದ ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಬದಲಾಗಿದೆ. ಹಳೆಯ ಕಾರ್ಡಿನಲ್ಲಿ ಹತ್ತು ವರ್ಷ ಅಂತ ಬರೆದಿದ್ದರೂ ಅದು ನಡೆಯುತ್ತದೆ.

ಸೆನೆಗಲ್‌ನ ನಿಯಮ ಏನೆಂದರೆ, ಹಳದಿ ಜ್ವರ ಇರುವ ದೇಶದಿಂದ ಬರುವವರಿಗೆ ಈ ಕಾರ್ಡ್ ಕಡ್ಡಾಯ. ಪ್ಯಾರಿಸ್, ಲಿಸ್ಬನ್, ಬ್ರಸೆಲ್ಸ್‌ನಿಂದ ನೇರ ಬಂದರೆ ಕಡ್ಡಾಯವಿಲ್ಲ. ಕಾಸಾಬ್ಲಾಂಕಾದಲ್ಲಿ ವಿಮಾನ ಬದಲಿಸಿದರೂ ತೊಂದರೆ ಇಲ್ಲ, ಮೊರಾಕ್ಕೊದಲ್ಲಿ ಆ ರೋಗವಿಲ್ಲ. ಇದನ್ನು ಓದಿ ‘ಹಾಗಾದರೆ ಬೇಡ’ ಅಂತ ಬಿಟ್ಟವರಿಗೆ ಎರಡು ಕಡೆ ಬಾಗಿಲು ಮುಚ್ಚುತ್ತದೆ.

ಒಂದು ಗ್ಯಾಂಬಿಯಾ. ಭೂಪಟದಲ್ಲಿ ನೋಡಿ, ಸೆನೆಗಲ್‌ನ ಹೊಟ್ಟೆಯೊಳಗೆ ನದಿಯ ಎರಡು ದಂಡೆಗೆ ಅಂಟಿಕೊಂಡು ಒಂದು ಸಣ್ಣ ದೇಶ. ಡಾಕರ್‌ನಿಂದ ದಕ್ಷಿಣದ ಕಾಸಾಮಾನ್ಸ್ ಪ್ರದೇಶಕ್ಕೆ, ಅಂದರೆ ಜಿಗಿನ್‌ಶೋರ್, ಕ್ಯಾಪ್ ಸ್ಕಿರಿಂಗ್ ಕಡೆಗೆ, ಹತ್ತಿರದ ರಸ್ತೆ ಇದರ ಮಧ್ಯದಿಂದಲೇ ಹೋಗುತ್ತದೆ. 2019ರ ಜನವರಿಯಲ್ಲಿ ಫಾರಾಫೆನಿ ಹತ್ತಿರ ಸೇತುವೆ ಆದ ಮೇಲೆ ಫೆರಿಗೆ ಕಾಯುವ ಕಷ್ಟ ತಪ್ಪಿತು, ಆದರೆ ಗಡಿ ಗಡಿಯೇ. ಸೆನೆಗಲ್‌ನಿಂದ ಹೊರಗೆ ಒಂದು ಮುದ್ರೆ, ಗ್ಯಾಂಬಿಯಾದ ಒಳಗೆ ಹೊರಗೆ ಎರಡು, ಮತ್ತೆ ಸೆನೆಗಲ್‌ಗೆ ಒಂದು. ಗ್ಯಾಂಬಿಯಾ ಯಾರಿಗೆ ವೀಸಾ ಕೇಳುತ್ತದೆ ಎಂಬುದು ಯೂರೋಪಿನ ದೇಶ ದೇಶಕ್ಕೆ ಬೇರೆ, ಬ್ರಿಟಿಷರಿಗೆ ಬೇಡ ಅಂದಾಕ್ಷಣ ಎಲ್ಲರಿಗೂ ಬೇಡ ಅಂತಲ್ಲ. ಗ್ಯಾಂಬಿಯಾ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶ. ಅಂದರೆ ಪ್ಯಾರಿಸ್‌ನಿಂದ ಕಾರ್ಡಿಲ್ಲದೆ ಬಂದವನು ಗ್ಯಾಂಬಿಯಾ ದಾಟಿ ಮತ್ತೆ ಸೆನೆಗಲ್‌ಗೆ ಕಾಲಿಡುವಾಗ ರೋಗವಿರುವ ದೇಶದಿಂದ ಬಂದವನಾಗುತ್ತಾನೆ. ಕಾರ್ಡ್ ಕೇಳಿದರೆ ತಪ್ಪು ಅಧಿಕಾರಿಯದ್ದಲ್ಲ. ಗ್ಯಾಂಬಿಯಾ ಬೇಡವೆಂದರೆ ಪೂರ್ವದ ತಾಂಬಾಕುಂಡಾ ಸುತ್ತಿ ಹೋಗಬೇಕು. ಅದು ಬಹಳ ದೂರ.

ಎರಡನೇ ಬಾಗಿಲು ನಮ್ಮೂರಿನದ್ದು. ಸೆನೆಗಲ್ ಕೂಡ ಭಾರತದ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದವರು ಯಾವ ಪಾಸ್‌ಪೋರ್ಟ್ ಹಿಡಿದಿರಲಿ, ಒಸಿಐ ಕಾರ್ಡ್ ಇರಲಿ, ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ತೀರಾ ಸಣ್ಣ ಶಿಶುಗಳಿಗೆ ವಿನಾಯಿತಿ ಇದೆ. ಡಾಕರ್‌ನಲ್ಲಿ ವ್ಯಾಪಾರ ಮುಗಿಸಿ ದುಬೈ ಮೇಲೆ ಸೀದಾ ಮಂಗಳೂರಿಗೋ ಕಣ್ಣೂರಿಗೋ ಬಂದು ಮರುದಿನ ತಂಗಿಯ ನಿಖಾಹ್‌ಗೆ ನಿಲ್ಲುತ್ತೇನೆ ಅಂದುಕೊಂಡವನು, ನಿಖಾಹ್ ಮುಗಿದ ಮೇಲೆ ಹೊರಗೆ ಬರಬೇಕಾದೀತು. ಹೊರಡುವ ಎರಡು ವಾರ ಮೊದಲೇ ಲಸಿಕೆ ಹಾಕಿಸಿ, ಕಾರ್ಡನ್ನು ಪಾಸ್‌ಪೋರ್ಟಿಗೇ ಕ್ಲಿಪ್ ಹಾಕಿಡಿ. ಮಲೇರಿಯಾ ಕೂಡ ಅಲ್ಲಿ ಇದೆ, ಅದಕ್ಕೆ ಪ್ರಮಾಣಪತ್ರ ಯಾರೂ ಕೇಳುವುದಿಲ್ಲ, ಆದರೆ ಡಾಕ್ಟರ್ ಹತ್ತಿರ ಮಾತ್ರೆ ಕೇಳಿಕೊಂಡು ಹೋಗುವುದು ಜೀವಕ್ಕೆ ಒಳ್ಳೆಯದು.

ಕಾರಿನಲ್ಲೇ ಮೊರಾಕ್ಕೊ, ಮಾರಿಟೇನಿಯಾ ದಾಟಿ ಹೋಗುವ ಯೂರೋಪಿಯನ್ನರೂ ಇದ್ದಾರೆ. ಅವರಿಗೆ ಸೆನೆಗಲ್ ನದಿಯೇ ಗಡಿ. ರೋಸೊ ಎಂಬಲ್ಲಿ ದಾಟುವುದು ದಲ್ಲಾಳಿಗಳ ಕಾಟಕ್ಕೆ ಹೆಸರುವಾಸಿ, ಹಾಗಾಗಿ ಅನುಭವಸ್ಥರು ಡಿಯಾಮಾ ಅಣೆಕಟ್ಟಿನ ದಾರಿ ಹಿಡಿಯುತ್ತಾರೆ. ಮಾರಿಟೇನಿಯಾಕ್ಕೆ 2025ರ ಜನವರಿಯಿಂದ ಆನ್‌ಲೈನ್‌ನಲ್ಲಿ ಮೊದಲೇ ವೀಸಾ ಮಾಡಿಸಿಕೊಳ್ಳಬೇಕು. ತೀರಾ ಹಳೆಯ ಕಾರನ್ನು ಸೆನೆಗಲ್‌ಗೆ ಆಮದು ಮಾಡಲು ಬಿಡುವುದಿಲ್ಲ, ತಾತ್ಕಾಲಿಕವಾಗಿ ಒಯ್ದು ವಾಪಸ್ ತರುವುದಕ್ಕೆ ಕಸ್ಟಮ್ಸ್‌ನ ಪ್ರತ್ಯೇಕ ಕಾಗದ ಬೇಕು.

ದಕ್ಷಿಣಕ್ಕೆ ಇನ್ನೂ ಇಳಿದು ಗಿನಿ ಬಿಸ್ಸಾವ್‌ಗೆ ಹೋಗುವವರು ಅಲ್ಲಿನ ವೀಸಾವನ್ನು ಜಿಗಿನ್‌ಶೋರ್‌ನ ಕಾನ್ಸುಲೇಟಿನಲ್ಲಿ ಮಾಡಿಸಿಕೊಳ್ಳುವುದು ರೂಢಿ. ಆ ದೇಶದ ಹೆಸರು ನಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬೇಕು, ಗೇರು ಫ್ಯಾಕ್ಟರಿಗಳ ಗೋಣಿಯ ಮೇಲೆ ಅಚ್ಚಾಗಿರುತ್ತದೆ. ಅಲ್ಲಿನ ಕಚ್ಚಾ ಗೇರುಬೀಜದ ದೊಡ್ಡ ಖರೀದಿದಾರರು ಭಾರತ ಮತ್ತು ವಿಯೆಟ್ನಾಂ.

ದುಡ್ಡಿನ ಲೆಕ್ಕ ಸುಲಭ. ಸೆನೆಗಲ್‌ನ ಸಿಎಫ್‌ಎ ಫ್ರಾಂಕ್ ಯೂರೋಗೆ ಕಟ್ಟಿಹಾಕಿದ ನಾಣ್ಯ, 1 ಯೂರೋಗೆ 655.957 ಫ್ರಾಂಕ್. ಇದು ದಿನ ದಿನ ಏರಿಳಿಯುವುದಿಲ್ಲ, ಹಾಗಾಗಿ ನೂರು ಯೂರೋ ಕೊಟ್ಟವನಿಗೆ 65,000ಕ್ಕಿಂತ ತೀರಾ ಕಡಿಮೆ ಎಣಿಸಿದರೆ ಕೇಳುವ ಹಕ್ಕು ನಿಮಗಿದೆ.

ಮುಸ್ಲಿಂ ಓದುಗರಿಗೆ ಒಂದು ಮಾತು. ಸೆನೆಗಲ್‌ನ ಜನರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಮುಸ್ಲಿಮರು. ಸಫರ್ 18ರಂದು ತೂಬಾ ನಗರದಲ್ಲಿ ನಡೆಯುವ ಮಗಾಲ್‌ಗೆ ಲಕ್ಷಾಂತರ ಜನ ಸೇರುತ್ತಾರೆ. ಮುರೀದ್ ತರೀಖತ್ತಿನ ಶೇಖ್ ಅಹ್ಮದು ಬಂಬಾ ಅವರನ್ನು 1895ರಲ್ಲಿ ಫ್ರೆಂಚರು ಗ್ಯಾಬನ್‌ಗೆ ಗಡೀಪಾರು ಮಾಡಿದ ನೆನಪಿನ ದಿನ ಅದು. ಉಮ್ರಾದ ಹಾಗೆ ಇದಕ್ಕೆ ಪ್ರತ್ಯೇಕ ವೀಸಾ ಏನಿಲ್ಲ, ಯೂರೋಪಿಯನ್ ಪಾಸ್‌ಪೋರ್ಟಿಗೆ ಅದೇ 90 ದಿನ. ತೂಬಾದೊಳಗೆ ಬೀಡಿ ಸಿಗರೇಟು, ಮದ್ಯ ಎರಡೂ ನಿಷಿದ್ಧ. ಆ ವಾರ ವಿಮಾನದ ಟಿಕೆಟ್ ಬೇಗ ಮುಗಿಯುತ್ತದೆ.

ಈ ‘ವೀಸಾ ಬೇಡ’ ಎನ್ನುವುದು ಯಾವಾಗಲೂ ಹೀಗೇ ಇರಲಿಲ್ಲ. 2013ರ ಜುಲೈ 1ರಿಂದ ಸೆನೆಗಲ್ ಯೂರೋಪಿಯನ್ನರಿಗೂ ವೀಸಾ ಹಾಕಿತ್ತು. ಸುಮಾರು 50 ಯೂರೋ, ಬೆರಳಚ್ಚು, ಫೋಟೋ. ಅಧ್ಯಕ್ಷ ಮ್ಯಾಕಿ ಸಾಲ್ ಅವರ ಸರ್ಕಾರದ ವಾದ ನೇರ: ನಮ್ಮವರಿಗೆ ನೀವು ಕೇಳುತ್ತೀರಿ, ನಿಮ್ಮವರಿಗೆ ನಾವೂ ಕೇಳುತ್ತೇವೆ. ಮುಂದಿನ ವರ್ಷ ನೆರೆಯ ಗಿನಿಯಲ್ಲಿ ಎಬೋಲಾ ಬಂತು. ಸೆನೆಗಲ್‌ನಲ್ಲಿ ಸಿಕ್ಕಿದ್ದು ಒಂದೇ ಒಂದು ಪ್ರಕರಣ, ಗಿನಿಯಿಂದ ಬಂದ ವಿದ್ಯಾರ್ಥಿ, ಆತನೂ ಗುಣವಾದ. ಆದರೂ ಹೆದರಿದ ಪ್ರವಾಸಿಗರು ಬರಲಿಲ್ಲ. ಹೋಟೆಲ್‌ನವರು, ಗೈಡ್‌ಗಳು, ಟ್ಯಾಕ್ಸಿಯವರು ಖಾಲಿ ಕೂತರು. 2015ರ ಮೇ 1ರಿಂದ ಆ ವೀಸಾವನ್ನು ತೆಗೆದುಹಾಕಬೇಕಾಯಿತು. ಎರಡು ವರ್ಷವೂ ತುಂಬಲಿಲ್ಲ. ವ್ಯಾಪಾರಿಯಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಗಿರಾಕಿ ದೊಡ್ಡವನಾದರೆ ಬೆಲೆ ಹೇಳುವ ಧೈರ್ಯ ಬಹಳ ದಿನ ಉಳಿಯುವುದಿಲ್ಲ.

ಆ ಕಡೆಯ ಬಾಗಿಲು ಮಾತ್ರ ಬದಲಾಗಿಲ್ಲ. ಡಾಕರ್‌ನ ಹುಡುಗನೊಬ್ಬ ಪ್ಯಾರಿಸ್‌ನಲ್ಲಿರುವ ಅಣ್ಣನನ್ನು ನೋಡಲು ಹೋಗಬೇಕಾದರೆ ಶೆಂಗೆನ್ ವೀಸಾಕ್ಕೆ 90 ಯೂರೋ ಕಟ್ಟಬೇಕು. 2024ರ ಜೂನ್‌ವರೆಗೆ 80 ಇತ್ತು. ಅವನ ನಾಣ್ಯದಲ್ಲಿ ಇದು 59,000 ಫ್ರಾಂಕ್. ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಇನ್ಶೂರೆನ್ಸ್, ಆಹ್ವಾನ ಪತ್ರ ಎಲ್ಲ ಕೊಟ್ಟರೂ 2024ರಲ್ಲಿ ಸೆನೆಗಲ್‌ನಿಂದ ಹೋದ ಅರ್ಜಿಗಳಲ್ಲಿ ಅರ್ಧಕ್ಕೆ ಹತ್ತಿರ ತಿರಸ್ಕೃತವಾದವು. ಕಟ್ಟಿದ ದುಡ್ಡು ವಾಪಸ್ ಇಲ್ಲ. ಅದೇ ವರ್ಷ 46,000ಕ್ಕೂ ಹೆಚ್ಚು ಮಂದಿ ಸೆನೆಗಲ್, ಮಾರಿಟೇನಿಯಾ ಮುಂತಾದ ದಂಡೆಗಳಿಂದ ಮೀನಿನ ದೋಣಿ ಹತ್ತಿ ಸ್ಪೇನ್‌ನ ಕ್ಯಾನರಿ ದ್ವೀಪಗಳನ್ನು ಮುಟ್ಟಿದರು. ವೀಸಾ ಕೌಂಟರಿನಲ್ಲಿ ಫೈಲ್ ಹಿಡಿದು ನಿಂತ ಅನುಭವ ನಮ್ಮೂರಲ್ಲಿ ಯಾರಿಗಿಲ್ಲ?

ಸೆನೆಗಲ್‌ನ ಈಗಿನ ಸರ್ಕಾರದಲ್ಲೂ ‘ನಮಗೆ ಕೇಳಿದವರಿಗೆ ನಾವೂ ಕೇಳೋಣ’ ಎಂಬ ಮಾತು ಮತ್ತೆ ಎದ್ದಿದೆ. ಹಾಗಾಗಿ ಯೂರೋಪಿನ ಪಾಸ್‌ಪೋರ್ಟ್ ಇರುವವರೂ ಟಿಕೆಟಿಗೆ ದುಡ್ಡು ಹಾಕುವ ವಾರ ರಾಯಭಾರ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. 2013ರಲ್ಲಿ ಹಾಕಿದ್ದು ಇನ್ನೊಮ್ಮೆ ಹಾಕಬಹುದು.