ಲಂಚ ತಡೆಗೆ ತಿಳಿವಳಿಕೆಯೇ ಮೊದಲ ಮದ್ದು: ಗಡಿ ತಾಲ್ಲೂಕುಗಳ ನಾಗರಿಕರು ಅರಿತಿರಬೇಕಾದ ಸಂಗತಿಗಳು

ಚಿಕ್ಕೋಡಿ: ಸರ್ದಾರ್ ವಲ್ಲಭಭಾಯಿ ಪಟೇಲರ ಜನ್ಮದಿನವಾದ ಅಕ್ಟೋಬರ್ 31 ಬರುವ ವಾರವನ್ನು ದೇಶದಾದ್ಯಂತ ಪ್ರತಿ ವರ್ಷ ‘ಜಾಗೃತಿ ಅರಿವು ಸಪ್ತಾಹ’ವಾಗಿ ಆಚರಿಸಲಾಗುತ್ತದೆ. ಕಚೇರಿಗಳಲ್ಲಿ ಪ್ರತಿಜ್ಞೆ, ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆ, ಬೀದಿಗಳಲ್ಲಿ ಜಾಥಾ ನಡೆಯುತ್ತವೆ. ಆದರೆ ಸಪ್ತಾಹ ಮುಗಿದ ಮರುದಿನ ನಾಡಕಚೇರಿಯ ಕಿಟಕಿಯ ಮುಂದೆ ನಿಲ್ಲುವ ರೈತನಿಗೆ ಘೋಷಣೆಗಿಂತ ಮೂರು ಸಂಗತಿಗಳು ಮುಖ್ಯ: ಸೇವೆಯ ಶುಲ್ಕ ಎಷ್ಟು, ಎಷ್ಟು ದಿನದಲ್ಲಿ ಕೆಲಸ ಆಗಬೇಕು, ಆಗದಿದ್ದರೆ ದೂರು ಯಾರಿಗೆ. ಇವು ತಿಳಿಯದಿದ್ದಲ್ಲಿ ಮಧ್ಯವರ್ತಿ ಹುಟ್ಟಿಕೊಳ್ಳುತ್ತಾನೆ.

ಪ್ರವಾಹ ಕಲಿಸಿದ ಪಾಠ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿತೀರದ ಹಳ್ಳಿಗಳು ಜಲಾವೃತಗೊಂಡವು. ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯಾದ ‘ಸಿ’ ವರ್ಗದ ಮನೆಗೆ 50 ಸಾವಿರ ರೂಪಾಯಿ ಪರಿಹಾರವನ್ನು ರಾಜ್ಯ ಸರ್ಕಾರ ಪ್ರಕಟಿಸಿತು. ಮನೆ ಯಾವ ವರ್ಗಕ್ಕೆ ಸೇರುತ್ತದೆ ಎಂಬುದು ಸ್ಥಳ ಪರಿಶೀಲನೆಯ ವರದಿಯ ಮೇಲೆ ನಿಂತಿತ್ತು. ಒಂದು ಅಕ್ಷರದ ವ್ಯತ್ಯಾಸಕ್ಕೆ ನಾಲ್ಕೂವರೆ ಲಕ್ಷದ ಬೆಲೆ. ಇಂತಹ ಹೊತ್ತಿನಲ್ಲಿ ಮಾನದಂಡವೇನು, ವರದಿಯ ಪ್ರತಿ ಪಡೆಯುವುದು ಹೇಗೆ ಎಂಬುದನ್ನು ಬಲ್ಲ ಸಂತ್ರಸ್ತ ಅಧಿಕಾರಿಯನ್ನು ಪ್ರಶ್ನಿಸಬಲ್ಲ. ಅರಿಯದವನು ‘ಮಾಡಿಸಿಕೊಡುತ್ತೇನೆ’ ಎಂದವನ ಬೆನ್ನು ಹತ್ತುತ್ತಾನೆ.

ಕೊಡುವುದೂ ಅಪರಾಧ

1988ರ ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಮಿನಂತೆ ಲಂಚ ಪಡೆದ ಸರ್ಕಾರಿ ನೌಕರನಿಗೆ 3ರಿಂದ 7 ವರ್ಷಗಳವರೆಗೆ ಜೈಲು ಮತ್ತು ದಂಡ ವಿಧಿಸಬಹುದು. 2018ರ ತಿದ್ದುಪಡಿಯ ನಂತರ ಲಂಚ ಕೊಡುವವನೂ 7 ವರ್ಷಗಳವರೆಗಿನ ಶಿಕ್ಷೆಗೆ ಗುರಿಯಾಗಬಹುದು. ಆದರೆ ಒತ್ತಾಯಕ್ಕೆ ಸಿಲುಕಿ ಹಣ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಈ ಅಪರಾಧ ಅವರಿಗೆ ಅನ್ವಯಿಸದು. ಮೊದಲೇ ಮಾಹಿತಿ ನೀಡಿ ತನಿಖೆಗೆ ನೆರವಾಗಲು ಹಣ ಕೊಡುವವರಿಗೂ ರಕ್ಷಣೆಯಿದೆ. ಗೋಡೆಬರಹಗಳಲ್ಲಿ ‘ಲಂಚ ಕೊಡುವುದು ಅಪರಾಧ’ ಎಂದಷ್ಟೇ ಬರೆದು ಈ 7 ದಿನಗಳ ಅವಕಾಶವನ್ನು ಬಿಟ್ಟರೆ, ಕೊಟ್ಟವನು ಹೆದರಿ ಬಾಯಿ ಮುಚ್ಚುತ್ತಾನೆ. ಆಗ ಪ್ರಚಾರದಿಂದ ಲಾಭವಾಗುವುದು ಪಡೆದವನಿಗೇ.

ದೂರು ಯಾರಿಗೆ?

1984ರ ಕಾಯ್ದೆಯಡಿ ರಾಜ್ಯದಲ್ಲಿ ಲೋಕಾಯುಕ್ತ ಸಂಸ್ಥೆ ಸ್ಥಾಪನೆಯಾಯಿತು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ರಚನೆಯಾಗಿ ಲಂಚ ಪ್ರಕರಣಗಳ ತನಿಖೆ ಅದರ ಪಾಲಾಗಿತ್ತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳದ ರಚನೆಯನ್ನು ರದ್ದುಪಡಿಸಿದ್ದರಿಂದ ಅಧಿಕಾರ ಮರಳಿ ಲೋಕಾಯುಕ್ತ ಪೊಲೀಸರಿಗೆ ಬಂದಿದೆ. ಈ ಐದು ತಾಲ್ಲೂಕುಗಳ ಜನ ಬೆಳಗಾವಿಯ ಲೋಕಾಯುಕ್ತ ಪೊಲೀಸ್ ಅಧೀಕ್ಷಕರ ಕಚೇರಿಯನ್ನು ಸಂಪರ್ಕಿಸಬಹುದು.

ಲಂಚದ ಬೇಡಿಕೆಯ ದೂರು ಬಂದಾಗ ನೋಟುಗಳ ಸಂಖ್ಯೆ ದಾಖಲಿಸಿ, ಅವುಗಳಿಗೆ ಫಿನಾಲ್ಫ್ತಲಿನ್ ಪುಡಿ ಲೇಪಿಸಲಾಗುತ್ತದೆ. ಹಣ ಮುಟ್ಟಿದ ಕೈಯನ್ನು ಪಂಚರ ಸಮ್ಮುಖದಲ್ಲಿ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಈ ಕಾರ್ಯಾಚರಣೆಗೆ ದೂರುದಾರನ ಧೈರ್ಯವೇ ಆಧಾರ.

ಸಕಾಲ ಮತ್ತು ಮಾಹಿತಿ ಹಕ್ಕು

2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸಕಾಲ ಯೋಜನೆಯಡಿ ಅರ್ಜಿದಾರನಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಕೊಡಬೇಕು. ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವುಂಟು. ಅದನ್ನು ಹೊಣೆಗಾರ ಅಧಿಕಾರಿಯ ವೇತನದಿಂದ ಕಡಿತಗೊಳಿಸಲಾಗುತ್ತದೆ. ಮೊತ್ತ ಸಣ್ಣದಾದರೂ ಸ್ವೀಕೃತಿ ಕೇಳುವ ರೂಢಿ ದೊಡ್ಡದು.

2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದರೆ 30 ದಿನಗಳಲ್ಲಿ ಉತ್ತರ ಸಿಗಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗಿರಬೇಕು. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಬಳಿಕ ಮಾಹಿತಿ ಆಯೋಗ ಎಂಬ ಎರಡು ಮೆಟ್ಟಿಲುಗಳಿವೆ.

ಪ್ರಚಾರ ಹೇಗಿರಬೇಕು?

ಇದೇ ಕಾಯ್ದೆಯ 4ನೇ ಕಲಂ ಮಾಹಿತಿಯನ್ನು ಸ್ಥಳೀಯ ಭಾಷೆಯಲ್ಲಿ, ಪರಿಣಾಮಕಾರಿ ವಿಧಾನದಲ್ಲಿ ಹಂಚಬೇಕೆನ್ನುತ್ತದೆ. 26ನೇ ಕಲಂ ಹಿಂದುಳಿದ ಸಮುದಾಯಗಳಿಗಾಗಿ ಶೈಕ್ಷಣಿಕ ಕಾರ್ಯಕ್ರಮ ರೂಪಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಭಾರತ 2011ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯ 13ನೇ ವಿಧಿಯೂ ಶಾಲಾ-ವಿಶ್ವವಿದ್ಯಾಲಯಗಳ ಪಠ್ಯ ಸೇರಿದಂತೆ ಸಾರ್ವಜನಿಕ ಶಿಕ್ಷಣವನ್ನು ಒತ್ತಿ ಹೇಳುತ್ತದೆ. ಹಾಂಗ್‌ಕಾಂಗ್ 1974ರಲ್ಲಿ ಸ್ಥಾಪಿಸಿದ ಭ್ರಷ್ಟಾಚಾರ ವಿರೋಧಿ ಆಯೋಗ ಆರಂಭದಿಂದಲೂ ತನಿಖೆ, ತಡೆ, ಜನಶಿಕ್ಷಣ ಎಂಬ ಮೂರು ವಿಭಾಗಗಳಲ್ಲಿ ಕೆಲಸ ಮಾಡಿತು.

ಗಡಿ ತಾಲ್ಲೂಕುಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಇಲ್ಲಿ ಕನ್ನಡದೊಂದಿಗೆ ಮರಾಠಿ ಮಾತ್ರ ಓದಬಲ್ಲ ಹಿರಿಯರೂ ಇದ್ದಾರೆ. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರ್ಪಟ್ಟು ಹೊಸ ತಾಲ್ಲೂಕುಗಳಾದರೂ, ಕಾಗವಾಡ, ಅಥಣಿಯ ದೂರುದಾರರಿಗೆ ಬೆಳಗಾವಿ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಆದ್ದರಿಂದ ತಿಳಿವಳಿಕೆಯೇ ಹಳ್ಳಿಗೆ ಬರಬೇಕು. ಆರು ತಿಂಗಳಿಗೊಮ್ಮೆಯಾದರೂ ಕಡ್ಡಾಯವಾಗಿ ಸೇರಬೇಕಾದ ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದಿ ಹೇಳುವುದು, ಕಚೇರಿಯ ಬಾಗಿಲಲ್ಲಿ ಶುಲ್ಕ, ಅವಧಿ, ದೂರಿನ ವಿಳಾಸವನ್ನು ದೊಡ್ಡ ಅಕ್ಷರಗಳಲ್ಲಿ ಬರೆಸುವುದು, ಪ್ರೌಢಶಾಲೆಯ ಮಕ್ಕಳಿಂದ ಒಂದೊಂದು ಮಾಹಿತಿ ಹಕ್ಕು ಅರ್ಜಿ ಬರೆಸಿ ಕಲಿಸುವುದು ಹೆಚ್ಚಿನ ವೆಚ್ಚವಿಲ್ಲದ ಕೆಲಸಗಳು. ವರ್ಷಕ್ಕೊಮ್ಮೆ ಎತ್ತುವ ಪ್ರತಿಜ್ಞೆಯ ಕೈಗಿಂತ, ವರ್ಷವಿಡೀ ಸ್ವೀಕೃತಿ ಕೇಳುವ ಕೈಗೆ ಲಂಚಕೋರ ಹೆಚ್ಚು ಅಂಜುತ್ತಾನೆ.