ಜಾಮೀನು ಸಿಕ್ಕರೆ ಖಟ್ಲೆ ಮುಗಿಯಿತೆ?

ತಾಳಿಕೋಟೆಯ ಶಾಲೆಯಲ್ಲಿ 1565ರ ಯುದ್ಧವನ್ನು ಎಷ್ಟು ಸಲ ಪಾಠ ಮಾಡಿದೆನೋ ಲೆಕ್ಕವಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳ ಬದುಕಿಗೆ ಬೇಕಾದ ಕೆಲವು ಇಸವಿಗಳು ನನಗೇ ಗೊತ್ತಿರಲಿಲ್ಲ.

ಈಚೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಸೊಲ್ಲಾಪುರಕ್ಕೆ ಕೊಟ್ಟ ಹುಡುಗಿ. ಹೊಡೆತ ತಾಳಲಾರದೆ ತವರಿಗೆ ಬಂದು ದೂರು ಕೊಟ್ಟಿದ್ದಳು. “ಅಕ್ಕೋರ, ಅವರಿಗೆಲ್ಲಾ ಬೇಲ್ ಸಿಕ್ಕೇತಂತ. ಕೇಸ್ ಹೋತಲ್ರಿ?” ಎಂದು ಅತ್ತಳು. ಉತ್ತರ ತಿಳಿಯದೆ ಚಹಾ ಕುಡಿಸಿ ಕಳಿಸಿದೆ. ಆಮೇಲೆ ಪರಿಚಯದ ವಕೀಲರನ್ನು ಕೇಳಿ, ಓದಿ ತಿಳಿದುಕೊಂಡೆ.

ಬಂಧನಕ್ಕೆ ಮೊದಲೇ ಜಾಮೀನು ಕೇಳುವ ಅವಕಾಶ ಬ್ರಿಟಿಷರ 1898ರ ಸಂಹಿತೆಯಲ್ಲಿ ಇರಲಿಲ್ಲ. ಪ್ರಬಲರು ಎದುರಾಳಿಗಳನ್ನು ಸುಳ್ಳು ಮೊಕದ್ದಮೆಯಲ್ಲಿ ಸಿಕ್ಕಿಸಿ ಅವಮಾನಿಸುತ್ತಾರೆಂದು ಕಾನೂನು ಆಯೋಗ 1969ರಲ್ಲಿ ಇದನ್ನು ಸೂಚಿಸಿತು. 1974ರ ಏಪ್ರಿಲ್ 1ರಿಂದ 438ನೆಯ ಕಲಮಾಗಿ ಬಂತು. ಗಂಡನ ಮನೆಯ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಶಿಕ್ಷೆ ವಿಧಿಸುವ 498-ಎ ಕಲಮು ಬಂದದ್ದು 1983ರಲ್ಲಿ. ಅದು ಜಾಮೀನುರಹಿತ ಅಪರಾಧ. ಆದ್ದರಿಂದಲೇ ಆಪಾದಿತರು ನಿರೀಕ್ಷಣಾ ಜಾಮೀನಿಗೆ ಓಡುತ್ತಾರೆ. 2024ರ ಜುಲೈ 1ರಿಂದ ಹೊಸ ಸಂಹಿತೆಗಳಲ್ಲಿ ಇವು 482 ಮತ್ತು 85ನೆಯ ಕಲಮುಗಳಾಗಿವೆ.

ದೂರು ಬಂದೊಡನೆ ಯಾಂತ್ರಿಕವಾಗಿ ಬಂಧಿಸಬಾರದೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮೊದಲು ನನಗೆ ಸಿಟ್ಟು ಬಂತು. ಆದರೆ ನಮ್ಮ ನೆಂಟರಲ್ಲೇ ಒಂದು ದೂರಿನಲ್ಲಿ ಬೇರೆ ಊರಿನಲ್ಲಿದ್ದ ನಾದಿನಿಯ ಹೆಸರೂ ಸೇರಿತ್ತು. ಅವಳೂ ಹೆಣ್ಣೇ ಅಲ್ಲವೆ?

ಗಡಿಯಾಚೆ ಹೆಣ್ಣು ಕೊಡುವ ನಮಗೆ ಇನ್ನೆರಡು ತೀರ್ಪುಗಳು ಮುಖ್ಯ. ತವರಿನಲ್ಲಿ ಆಶ್ರಯ ಪಡೆದವಳು ಅಲ್ಲಿಯೇ ದೂರು ಕೊಡಬಹುದೆಂದು 2019ರಲ್ಲಿ ತೀರ್ಮಾನವಾಯಿತು. ಮನಸ್ಸಿನ ನೋವು ತವರಿಗೂ ಅವಳೊಂದಿಗೇ ಬರುತ್ತದೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಎರಡನೆಯದು ಬೆಂಗಳೂರಿನದು. ಹೆಂಡತಿ ರಾಜಸ್ಥಾನದಲ್ಲಿ ದೂರು ಕೊಟ್ಟರೆ, ಗಂಡ ಬೆಂಗಳೂರಿನ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನು ಪಡೆದಿದ್ದ. 2023ರ ನವೆಂಬರ್ 20ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಹೊರರಾಜ್ಯದ ನ್ಯಾಯಾಲಯ ಕೊಡಬಹುದಾದದ್ದು ಅಲ್ಪಕಾಲದ ರಕ್ಷಣೆ ಮಾತ್ರ. ದೂರು ದಾಖಲಾದ ಕಡೆಯ ತನಿಖಾಧಿಕಾರಿಗೂ ಸರ್ಕಾರಿ ವಕೀಲರಿಗೂ ನೋಟೀಸು ಹೋಗಬೇಕು ಎಂದಿತು. ಹಾಗಾಗಿ ಸೊಲ್ಲಾಪುರದವರೂ ಪೂರ್ಣ ಜಾಮೀನಿಗೆ ನಮ್ಮ ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೋ ಹೈಕೋರ್ಟಿನ ಕಲಬುರಗಿ ಪೀಠಕ್ಕೋ ಬರಬೇಕು.

ಇಷ್ಟು ತಿಳಿದ ಮೇಲೆ ಹುಡುಗಿಯನ್ನು ಕರೆಸಿದೆ. “ಜಾಮೀನು ಎಂದರೆ ಬಿಡುಗಡೆಯ ತೀರ್ಪಲ್ಲ ತಂಗಿ. ಪೊಲೀಸರು ಕರೆದಾಗ ಅವರು ಬರಬೇಕು, ಸಾಕ್ಷಿಗಳನ್ನು ಹೆದರಿಸಬಾರದು ಎಂದು ಷರತ್ತು ಹಾಕುತ್ತಾರೆ. ಮುರಿದರೆ ಜಾಮೀನು ರದ್ದು ಮಾಡಿರೆಂದು ಕೇಳಬಹುದು. ನಿನ್ನ ಖಟ್ಲೆ ನಡೆದೇ ಇದೆ, ಜೀವನಾಂಶ ಕೇಳುವ ಹಕ್ಕೂ ಹೋಗಿಲ್ಲ” ಎಂದೆ.

ಅವಳು ಕಣ್ಣೊರೆಸಿಕೊಂಡು, ಆದೇಶದ ಪ್ರತಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಮುಂದಿನ ತಾರೀಖಿಗೆ ಅವಳೊಂದಿಗೆ ನಾನೂ ಹೋದೆ.